ತಣ್ಣಗಿರುವ ಎಂಜಿನ್‌ನಲ್ಲಿ ಒತ್ತಡ ಎಲ್ಲಿಂದ ಬಂತು? ಹೆಡ್ ಗ್ಯಾಸ್ಕೆಟ್ ದೋಷವನ್ನು ಶುರುವಿನಲ್ಲೇ ಹಿಡಿಯೋದು

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಒಮ್ಮೆ ಮುಕ್ಕಾಲಿಗೆ ಏರಿತು. ನಾನು ಗಾಬರಿಯಾಗಿ ಎಸಿ ಆಫ್ ಮಾಡುವಷ್ಟರಲ್ಲಿ ತಾನೇ ಇಳಿದು ಮಧ್ಯಕ್ಕೆ ಬಂದು ಕೂತಿತು. ಮಾರನಹಳ್ಳಿ ಹತ್ತಿರ ಮತ್ತೊಮ್ಮೆ ಅದೇ ಆಟ. ಸಕಲೇಶಪುರದಲ್ಲಿ ಕಾಫಿ ಕುಡಿದು ಬಾನೆಟ್ ಎತ್ತಿದರೆ ಎಂಜಿನ್ ತಣ್ಣಗಿಡುವ ದ್ರವದ, ಅಂದರೆ ಕೂಲೆಂಟ್‌ನ ರಿಸರ್ವ್ ಟ್ಯಾಂಕ್ ಬಾಯಿತನಕ ತುಂಬಿತ್ತು. ಟ್ಯಾಂಕ್ ತುಂಬಿದೆಯಲ್ಲ, ಇನ್ನೇನು ತೊಂದರೆ ಅಂದುಕೊಂಡು ಹಾಸನಕ್ಕೆ ಬಂದುಬಿಟ್ಟೆ. ಆ ತುಂಬಿದ ಟ್ಯಾಂಕೇ ಮೊದಲ ಸುಳಿವು ಅಂತ ತಿಳಿಯೋಕೆ ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಬೇಡದ ಮೂರು ಪಾರ್ಟ್ ಬದಲಾಗಿದ್ದವು: ರೇಡಿಯೇಟರ್ ಕ್ಯಾಪ್, ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟ್‌ಗೆ ರೇಡಿಯೇಟರ್ ದಾರಿ ತೆರೆಯುವ ವಾಲ್ವ್), ವಾಟರ್ ಪಂಪ್.

ನನ್ನದು 1.2 ಲೀಟರ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಗಾಡಿ, ತೊಂಬತ್ತು ಸಾವಿರ ಕಿಲೋಮೀಟರ್ ಓಡಿದ್ದು. ಹೆಡ್ ಗ್ಯಾಸ್ಕೆಟ್ ಹೋದರೆ ಸೈಲೆನ್ಸರ್‌ನಿಂದ ಬಿಳಿ ಹೊಗೆ ಮೋಡದಂತೆ ಬರುತ್ತದೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ, ಆದರೆ ಅದು ರೋಗ ಬಲಿತ ಮೇಲಿನ ಮಾತು. ಶುರುವಿನಲ್ಲಿ ಇವೆರಡೂ ಇರುವುದಿಲ್ಲ. ನನ್ನ ಗಾಡಿಯಲ್ಲಿ ಕೊನೆಯವರೆಗೂ ಆಯಿಲ್ ಶುದ್ಧವಾಗಿಯೇ ಇತ್ತು.

ಗ್ಯಾಸ್ಕೆಟ್ ಎಲ್ಲಿ ಸೋಲುತ್ತದೆ

ಕೆಳಗೆ ಸಿಲಿಂಡರ್‌ಗಳಿರುವ ಬ್ಲಾಕ್, ಮೇಲೆ ಅದನ್ನು ಮುಚ್ಚುವ ಹೆಡ್, ನಡುವೆ ಹೆಡ್ ಗ್ಯಾಸ್ಕೆಟ್ ಅನ್ನುವ ಈ ತೆಳ್ಳನೆಯ ಹಾಳೆ. ಅದು ಮೂರನ್ನು ಬೇರೆ ಬೇರೆ ಇಡಬೇಕು: ಸಿಲಿಂಡರ್ ಒಳಗಿನ ಉರಿಯುವ ಗ್ಯಾಸ್, ಕೂಲೆಂಟ್, ಆಯಿಲ್. ಆಕ್ಸಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರ್ ಒಳಗೆ 50 ಬಾರ್‌ಗೂ (1 ಬಾರ್ ಅಂದರೆ ಹೆಚ್ಚು ಕಡಿಮೆ ಹೊರಗಿನ ಗಾಳಿಯ ಒತ್ತಡದಷ್ಟು) ಮೀರಿದ ಒತ್ತಡ ಹುಟ್ಟುತ್ತದೆ. ಪಕ್ಕದಲ್ಲೇ ಹರಿಯುವ ಕೂಲೆಂಟ್‌ನಲ್ಲಿ ಇರುವುದು ಹೆಚ್ಚೆಂದರೆ 1 ಬಾರ್ ಚಿಲ್ಲರೆ. ಹಾಗಾಗಿ ಕೂದಲೆಳೆಯಷ್ಟು ಸಂದು ಬಿಟ್ಟರೂ ಎಂಜಿನ್ ಓಡುವಾಗ ಗ್ಯಾಸ್ ಕೂಲೆಂಟ್ ಕಡೆಗೆ ನುಗ್ಗುತ್ತದೆ. ಕೂಲೆಂಟ್ ಸಿಲಿಂಡರ್‌ಗೆ ಇಳಿಯೋದು ಎಂಜಿನ್ ನಿಂತು, ಸಿಲಿಂಡರ್ ಒತ್ತಡ ಸೊನ್ನೆಯಾಗಿ, ಕೂಲೆಂಟ್‌ನಲ್ಲಿ ಮಾತ್ರ ಒತ್ತಡ ಉಳಿದಾಗ. ಅದೂ ಹನಿ ಹನಿಯಾಗಿ.

ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಬೀಡುಕಬ್ಬಿಣ ಆಗಿರುವ ಎಂಜಿನ್‌ಗಳಲ್ಲಿ ಇನ್ನೊಂದು ಕಾಟವೂ ಸೇರಿಕೊಳ್ಳುತ್ತದೆ. ಬಿಸಿಗೆ ಅಲ್ಯೂಮಿನಿಯಂ ಬೀಡುಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಪ್ರತಿ ಸಲ ಬಿಸಿಯಾಗಿ ತಣ್ಣಗಾದಾಗಲೂ ಎರಡರ ನಡುವೆ ಸಿಕ್ಕ ಗ್ಯಾಸ್ಕೆಟ್ ಸ್ವಲ್ಪ ಸ್ವಲ್ಪ ಉಜ್ಜಿಕೊಳ್ಳುತ್ತದೆ. ಒಂದು ಸಲ ಜೋರಾಗಿ ಹೀಟ್ ಆದ ಗಾಡಿಯಲ್ಲಿ ಹೆಡ್ ಸೊಟ್ಟಗಾಗಿ ಈ ಕೆಲಸ ಬೇಗ ಮುಗಿಯುತ್ತದೆ.

ಈಗ ಅಸಲಿ ವಿಷಯ. ಬಿಸಿ ಎಂಜಿನ್ ಮುಂದೆ ನಿಂತು ಈ ದೋಷ ಹುಡುಕೋದು ಕಷ್ಟ. ಬಿಸಿಯಾದಾಗ ಎಲ್ಲ ಗಾಡಿಯಲ್ಲೂ ಹೋಸ್ ಪೈಪ್ ಗಟ್ಟಿಯಾಗುತ್ತದೆ, ಕ್ಯಾಪ್ ತೆಗೆದರೆ ಎಲ್ಲದರಲ್ಲೂ ಉಕ್ಕುತ್ತದೆ. ಆದರೆ ತಣ್ಣಗಿರುವ ಕೂಲೆಂಟ್ ತಾನಾಗಿ ಒತ್ತಡ ಹುಟ್ಟಿಸಲಾರದು. ತಣ್ಣಗಿರುವಾಗಲೇ ಒತ್ತಡ ಕಂಡರೆ ಅದು ಬೇರೆ ಕಡೆಯಿಂದ ಬಂದಿದೆ, ಆ ಬೇರೆ ಕಡೆ ಅಂದರೆ ಹೆಚ್ಚಾಗಿ ಸಿಲಿಂಡರ್. ಕೆಳಗಿನ ಮುಖ್ಯ ಪರೀಕ್ಷೆಗಳೆಲ್ಲ ಈ ಒಂದು ಪ್ರಶ್ನೆಯನ್ನೇ ಬೇರೆ ಬೇರೆ ಥರ ಕೇಳುತ್ತವೆ.

ಬೆಳಗ್ಗೆ ಕ್ಯಾಪ್ ತೆಗೆದಾಗ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ರಾತ್ರಿ ಗಾಡಿಯನ್ನು ಚೆನ್ನಾಗಿ ಓಡಿಸಿ ನಿಲ್ಲಿಸಿ. ಬೆಳಗ್ಗೆ ಬಿಸಿಲು ಏರುವ ಮೊದಲು, ಸ್ಟಾರ್ಟ್ ಮಾಡದೆ, ಬಾನೆಟ್ ಎತ್ತಿ. ಮೊದಲು ಮೇಲಿನ ರೇಡಿಯೇಟರ್ ಹೋಸನ್ನು ಕೈಯಲ್ಲಿ ಹಿಸುಕಿ ನೋಡಿ. ಆಮೇಲೆ ಕ್ಯಾಪ್ ಮೇಲೆ ಬಟ್ಟೆ ಹಾಕಿ ಮೆಲ್ಲಗೆ ತಿರುಗಿಸಿ, ಸದ್ದನ್ನು ಗಮನವಿಟ್ಟು ಕೇಳಿ. ಮುಖ ದೂರ ಇರಲಿ. ಬಿಸಿ ಎಂಜಿನ್‌ನಲ್ಲಿ ಇದನ್ನು ಮಾಡಲೇಬೇಡಿ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿದರೂ ಸುಮ್ಮನೆ ಇರುತ್ತದೆ, ಕ್ಯಾಪ್ ಬಿಚ್ಚಿದ ಕ್ಷಣ ಕುದಿದು ಮುಖಕ್ಕೇ ಹಾರುತ್ತದೆ.

ಸರಿಯಿರುವ ಗಾಡಿಯಲ್ಲಿ ಆಗೋದು ಇಷ್ಟು. ಬಿಸಿಯಾದಾಗ ಕೂಲೆಂಟ್ ಹಿಗ್ಗಿ, ಕ್ಯಾಪ್‌ನ ಸ್ಪ್ರಿಂಗ್ ತಳ್ಳಿ, ರಿಸರ್ವ್ ಟ್ಯಾಂಕ್‌ಗೆ ಹೋಗುತ್ತದೆ. ತಣ್ಣಗಾದಾಗ ಕುಗ್ಗಿ, ಒಳಗೆ ಎಳೆತ ಹುಟ್ಟಿ, ಕ್ಯಾಪ್ ನಡುವಿನ ಚಿಕ್ಕ ವಾಲ್ವ್ ಮೂಲಕ ವಾಪಸ್ ಬರುತ್ತದೆ. ಹೀಗಾಗಿ ಬೆಳಗ್ಗೆ ಹೋಸ್ ಮೆತ್ತಗಿರುತ್ತದೆ, ಕ್ಯಾಪ್ ತೆಗೆದರೆ ಸದ್ದಿಲ್ಲ ಅಥವಾ ಒಳಗೆ ಉಸಿರೆಳೆದ ಹಾಗೆ ಸಣ್ಣ ಸದ್ದು. ರೇಡಿಯೇಟರ್ ಕತ್ತಿನವರೆಗೆ ತುಂಬಿರುತ್ತದೆ.

ಹೋಸ್ ಚಪ್ಪಟೆಯಾಗಿ ಒಳಕ್ಕೆ ಸೆಳೆದುಕೊಂಡಿದೆ, ಟ್ಯಾಂಕ್ ತುಂಬಿದೆ ಅಂದರೆ ಕ್ಯಾಪ್‌ನ ಆ ಚಿಕ್ಕ ವಾಲ್ವ್ ಕಚ್ಚಿಕೊಂಡಿದೆ, ಇಲ್ಲವೇ ಟ್ಯಾಂಕ್‌ಗೆ ಹೋಗುವ ಸಣ್ಣ ಪೈಪ್ ಕಟ್ಟಿಕೊಂಡಿದೆ. ಕಡಿಮೆ ಖರ್ಚಿನಲ್ಲಿ ಮುಗಿಯುವ ಕೆಲಸ, ಸಂತೋಷಪಡಿ. ಎಳೆತವೂ ಇಲ್ಲ, ಒತ್ತಡವೂ ಇಲ್ಲ, ರೇಡಿಯೇಟರ್ ಮಾತ್ರ ಕಡಿಮೆಯಾಗಿದೆ ಅಂದರೆ ಎಲ್ಲೋ ಹೊರಗೆ ಸೋರಿಕೆ ಇದೆ, ಅಥವಾ ಆ ಸಣ್ಣ ಪೈಪ್ ಬಿರುಕು ಬಿಟ್ಟು ಕೂಲೆಂಟ್ ಬದಲು ಗಾಳಿ ಎಳೆದುಕೊಳ್ಳುತ್ತಿದೆ.

ಕ್ಯಾಪ್ ತಿರುಗಿಸಿದಾಗ 'ಟುಸ್' ಅಂತ ಹೊರಗೆ ಬಂದರೆ ಕಿವಿ ನಿಮಿರಿಸಬೇಕು. ಹನ್ನೆರಡು ಗಂಟೆ ತಣ್ಣಗಾದ ಮೇಲೂ ಒಳಗೆ ಒತ್ತಡ ಇದೆ. ಉಗಿಯಾಗಿದ್ದರೆ ಅಷ್ಟೊತ್ತಿಗೆ ನೀರಾಗಿ ಕುಗ್ಗಿರಬೇಕಿತ್ತು. ಉಳಿದಿರುವುದು ಕುಗ್ಗದ ಗ್ಯಾಸ್. ಆ ಗ್ಯಾಸ್ ಜಾಗ ಹಿಡಿದುಕೊಂಡಿದ್ದರಿಂದ ಎಳೆತ ಹುಟ್ಟಲಿಲ್ಲ. ಎಳೆತ ಇಲ್ಲದ್ದರಿಂದ ಕೂಲೆಂಟ್ ಟ್ಯಾಂಕಿನಲ್ಲೇ ಉಳಿಯಿತು. ನನ್ನ ಗಾಡಿಯಲ್ಲಿ ನಡೆದದ್ದು ಇದೇ: ಟ್ಯಾಂಕ್ ತುಂಬ, ರೇಡಿಯೇಟರ್ ಒಂದು ಲೋಟ ಖಾಲಿ. ನಾನು ಟ್ಯಾಂಕಿನ ಗೆರೆ ಮಾತ್ರ ನೋಡುತ್ತಾ ಎಲ್ಲ ಸರಿ ಇದೆ ಅಂದುಕೊಂಡಿದ್ದೆ. ಆಮೇಲಾಮೇಲೆ ದಿನಾ ರೇಡಿಯೇಟರ್‌ಗೇ ಸುರಿಯಲು ಶುರು ಮಾಡಿದಾಗ ನಮ್ಮನೆಯವಳು, "ದಿನಾ ಬೆಳಗ್ಗೆ ನೀರು ಕುಡಿಸ್ತೀರಲ್ಲ, ಎತ್ತು ಸಾಕಿದ್ರೂ ಆಗ್ತಿತ್ತು" ಅಂದಳು.

ರೇಡಿಯೇಟರ್ ಮೇಲೆ ಕ್ಯಾಪ್ ಇಲ್ಲದೆ, ಒತ್ತಡ ತಡೆಯುವ ಪ್ಲಾಸ್ಟಿಕ್ ಬಾಟಲಿಯೇ ಇರುವ ಗಾಡಿಗಳಲ್ಲಿ ಈ ಹೋಗಿ ಬರುವ ಆಟ ಇರುವುದಿಲ್ಲ. ಅಲ್ಲಿ ಬೆಳಗಿನ ಹೋಸ್ ಮತ್ತು ಬಾಟಲಿ ಮುಚ್ಚಳದ 'ಟುಸ್' ಮಾತ್ರ ಲೆಕ್ಕ.

ಸ್ಟಾರ್ಟ್ ಮಾಡಿದ ಮೊದಲ ಐದು ನಿಮಿಷ

ಕ್ಯಾಪ್ ತೆಗೆದಾಗಿದೆಯಲ್ಲ, ಈಗ ಕತ್ತಿನವರೆಗೆ ಕೂಲೆಂಟ್ ತುಂಬಿ, ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ. ಫ್ಯಾನ್‌ನಿಂದ ಕೈ, ಟೈ, ಶಾಲು ದೂರ ಇರಲಿ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ತೆರೆಯುತ್ತದೆ, ಅಲ್ಲಿಯತನಕ ನಿಮಗೆ ನೋಡಲು ಸಮಯ ಇದೆ.

ಮೊದಲು ಒಂದೆರಡು ದೊಡ್ಡ ಗುಳ್ಳೆ 'ಗುಳುಕ್' ಅಂದರೆ ಚಿಂತೆ ಬೇಡ, ಸಿಕ್ಕಿಕೊಂಡ ಗಾಳಿ ಅದು. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಗ್ಯಾಸ್ಕೆಟ್ ಗುಳ್ಳೆ ಬೇರೆ ಥರ. ಗೋಲಿ ಸೋಡಾ ಒಡೆದ ಮೇಲೆ ಬಾಟಲಿಯಲ್ಲಿ ಏಳುತ್ತವಲ್ಲ, ಹಾಗೆ ಸಣ್ಣ ಸಣ್ಣವು ಬಿಡದೆ ಬರುತ್ತವೆ. ಯಾರಿಗಾದರೂ ಹೇಳಿ ಆಕ್ಸಲರೇಟರ್ ಒತ್ತಿಸಿ 2500 ಆರ್‌ಪಿಎಂ ಮಾಡಿಸಿದರೆ ಜಾಸ್ತಿಯಾಗುತ್ತವೆ. ನನಗೆ ಮೊದಲ ದಿನ ಏನೂ ಕಾಣಲಿಲ್ಲ. ಎರಡನೇ ದಿನ ಮಗನ ಟಾರ್ಚ್ ಹಿಡಿದು ಕತ್ತಿನೊಳಗೆ ಓರೆಯಾಗಿ ಬೆಳಕು ಬಿಟ್ಟಾಗ, ಹಸಿರು ಕೂಲೆಂಟ್ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬಂದು ಒಡೆಯುತ್ತಿದ್ದವು. ಐದು ನಿಮಿಷವಾದರೂ ನಿಲ್ಲಲಿಲ್ಲ.

ಗುಳ್ಳೆ ಕಂಡಿತು, ಆದರೆ ಯಾವ ಸಿಲಿಂಡರ್? ಎಂಜಿನ್ ಐಡ್ಲಿಂಗ್‌ನಲ್ಲಿ ಇಟ್ಟು ಸಿಲಿಂಡರ್‌ಗೆ ಪೆಟ್ರೋಲ್ ಚಿಮ್ಮಿಸುವ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ತೆಗೆದು ಹಾಕಿ ನೋಡಿ. ಯಾವುದನ್ನು ತೆಗೆದಾಗ ಗುಳ್ಳೆ ಕಡಿಮೆಯಾಗುತ್ತದೋ ಅದೇ. ಪೂರ್ತಿ ನಿಲ್ಲದೇ ಇರಬಹುದು, ಯಾಕೆಂದರೆ ಉರಿಯದಿದ್ದರೂ ಪಿಸ್ಟನ್ ಗಾಳಿಯನ್ನು ಒತ್ತುತ್ತಲೇ ಇರುತ್ತದೆ. ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಕನೆಕ್ಟರ್ ತೆಗೆದು ಈ ಪರೀಕ್ಷೆ ಮಾಡಬೇಡಿ. ಆಗ ಪೆಟ್ರೋಲ್ ಉರಿಯದೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಚೆಕ್ ಎಂಜಿನ್ ಲೈಟ್ ಹತ್ತಿಕೊಳ್ಳುತ್ತದೆ, ಆಮೇಲೆ ಅಳಿಸಿದರಾಯಿತು. ನನ್ನ ಗಾಡಿಯಲ್ಲಿ ಮೂರನೆಯದು ತೆಗೆದಾಗ ಗುಳ್ಳೆ ಅರ್ಧಕ್ಕರ್ಧ ಇಳಿಯಿತು.

ಕ್ಯಾಪ್ ಹಾಕಿಕೊಂಡೇ ನೋಡುವ ಇನ್ನೊಂದು ದಾರಿಯೂ ಇದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಸುಕುತ್ತಿರಿ. ಹೋಸ್ ಇನ್ನೂ ಉಗುರುಬೆಚ್ಚಗೂ ಆಗಿಲ್ಲ, ಆದರೆ ಎರಡು ಮೂರು ನಿಮಿಷದಲ್ಲಿ ಕಲ್ಲಿನಂತೆ ಗಟ್ಟಿ ಅಂದರೆ ಅದು ಶಾಖದ ಒತ್ತಡ ಅಲ್ಲ.

ಗ್ಯಾರೇಜಿನಲ್ಲಿ ಏನು ಕೇಳಬೇಕು

ಒತ್ತಡ ಪರೀಕ್ಷೆ ಎಲ್ಲ ಒಳ್ಳೆ ಗ್ಯಾರೇಜಿನಲ್ಲೂ ಆಗುತ್ತದೆ. ಸೈಕಲ್ ಪಂಪಿನಂಥ ಉಪಕರಣವನ್ನು ಕ್ಯಾಪ್ ಜಾಗಕ್ಕೆ ಕೂರಿಸಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಡುತ್ತಾರೆ. ಕ್ಯಾಪ್ ಮೇಲೆ 0.9 ಅಥವಾ 1.1 (ಹೆಚ್ಚು ಕಡಿಮೆ ಬಾರ್ ಲೆಕ್ಕ) ಅಂತ ಇರುತ್ತದೆ, ಕೆಲವು ಗಾಡಿಯಲ್ಲಿ 88 ಅಥವಾ 108 ಕಿಲೋಪ್ಯಾಸ್ಕಲ್ ಅಂತ. ಎರಡೂ ಹೆಚ್ಚು ಕಡಿಮೆ ಒಂದೇ. ಅದಕ್ಕಿಂತ ಜಾಸ್ತಿ ಹೊಡೆಯಲು ಬಿಡಬೇಡಿ, ಹಳೇ ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಡುತ್ತದೆ. ಹದಿನೈದು ನಿಮಿಷ ಮುಳ್ಳು ನಿಂತರೆ "ಏನೂ ಇಲ್ಲ ಸಾರ್" ಅನ್ನುತ್ತಾರೆ. ನನಗೂ ಹಾಗೇ ಹೇಳಿದರು. ಆದರೆ ಶುರುವಿನ ಸಂದು ಎಷ್ಟು ಸಣ್ಣದೆಂದರೆ, 1 ಬಾರ್‌ನಲ್ಲಿ ಕೂಲೆಂಟ್ ಅದರೊಳಗೆ ತೂರುವುದೇ ಇಲ್ಲ. 50 ಬಾರ್‌ನಲ್ಲಿ ಗ್ಯಾಸ್ ತೂರುತ್ತದೆ.

ಅದೇ ಉಪಕರಣದಿಂದ ಇನ್ನೊಂದು ಪರೀಕ್ಷೆ ಮಾಡಿಸಿ. ಪಂಪ್ ಹೊಡೆಯದೆ, ಸುಮ್ನೆ ಕ್ಯಾಪ್ ಜಾಗದಲ್ಲಿ ಕೂರಿಸಿ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ. ಸರಿಯಿರುವ ಎಂಜಿನ್‌ನಲ್ಲಿ ಮುಳ್ಳು ಬಿಸಿಯ ಜೊತೆ ನಿಧಾನಕ್ಕೆ ಏರುತ್ತದೆ. ಒಂದೆರಡು ನಿಮಿಷದಲ್ಲೇ ಸರ್ರನೆ ಏರಿದರೆ, ಅಥವಾ ಮುಳ್ಳು ನಾಡಿ ಬಡಿದ ಹಾಗೆ ನಡುಗಿದರೆ, ಉತ್ತರ ಸಿಕ್ಕಿತು. ಕ್ಯಾಪ್‌ನ ಅಂಕಿ ದಾಟುವ ಮೊದಲು ಎಂಜಿನ್ ಆಫ್ ಮಾಡಿ, ಯಾಕೆಂದರೆ ಈಗ ಒತ್ತಡ ಬಿಡುವ ಕ್ಯಾಪ್ ಇಲ್ಲ.

ನೀಲಿ ದ್ರವದ ಪರೀಕ್ಷೆ ಅಂತ ಒಂದಿದೆ. ರೇಡಿಯೇಟರ್ ಕತ್ತಿನ ಗಾಳಿಯನ್ನು ಒಂದು ಗಾಜಿನ ನಳಿಕೆಯೊಳಗಿನ ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಗ್ಯಾಸಿನಲ್ಲಿ ಕಾರ್ಬನ್ ಡೈ ಆಕ್ಸೈಡ್ ಇದ್ದರೆ ಪೆಟ್ರೋಲ್ ಗಾಡಿಯಲ್ಲಿ ನೀಲಿ ಹೋಗಿ ಹಳದಿಯಾಗುತ್ತದೆ. ನೋಡಲು ಚೆಂದ, ಹಳದಿ ಬಂದರೆ ನಂಬಬಹುದು. ನೀಲಿಯೇ ಉಳಿದರೆ ಮಾತ್ರ ಪೂರ್ತಿ ನಂಬಬೇಡಿ. ಲೋಡ್ ಇಲ್ಲದೆ ಐಡ್ಲಿಂಗ್‌ನಲ್ಲಿ ಸಣ್ಣ ಸಂದು ಮುಚ್ಚಿಯೇ ಇರಬಹುದು. ಗಾಡಿಯನ್ನು ಏರಿನಲ್ಲಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಕ್ಯಾಪ್ ತೆಗೆದ ತಕ್ಷಣ ಮೊದಲ ಗ್ಯಾಸನ್ನೇ ಎಳೆದರೆ ಫಲ ಜಾಸ್ತಿ. ಕೂಲೆಂಟ್ ಮಟ್ಟ ಎರಡು ಇಂಚು ಕೆಳಗಿರಲಿ. ದ್ರವದೊಳಗೆ ಕೂಲೆಂಟ್ ಸೇರಿದರೆ ಪರೀಕ್ಷೆ ಕೆಟ್ಟಂತೆ.

ಕಂಪ್ರೆಷನ್ ಪರೀಕ್ಷೆ, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆಯುವುದು? ಮೆಕ್ಯಾನಿಕ್‌ಗಳು ಮೊದಲು ಮಾಡುವುದು ಅದನ್ನೇ. ನಾನು ಕೊನೆಗೆ ಇಡುತ್ತೇನೆ. ನನ್ನ ನಾಲ್ಕು ಸಿಲಿಂಡರ್‌ಗಳಲ್ಲಿ 175, 170, 170, 175 ಪಿಎಸ್‌ಐ ಬಂತು. ಯಾರೇ ನೋಡಿದರೂ ಎಂಜಿನ್ ಗಟ್ಟಿಮುಟ್ಟು ಅನ್ನುತ್ತಾರೆ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳ ನಡುವೆ ಗ್ಯಾಸ್ಕೆಟ್ ಒಡೆದಿದ್ದರೆ ಎರಡೂ ಒಟ್ಟಿಗೆ ಬಿದ್ದು ಇದು ಉಪಯೋಗಕ್ಕೆ ಬರುತ್ತದೆ. ಕೂಲೆಂಟ್ ಕಡೆಗಿನ ಕೂದಲೆಳೆ ಸಂದನ್ನು ಇದು ಹಿಡಿಯಲಾರದು. ಅದಕ್ಕಿಂತ, ಪಿಸ್ಟನ್ ಮೇಲಿರುವಾಗ ಸ್ಪಾರ್ಕ್ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ರೇಡಿಯೇಟರ್‌ನಲ್ಲಿ ಗುಳ್ಳೆ ನೋಡುವುದು ಮೇಲು. ಗಾಳಿ ಬಿಟ್ಟಾಗ ಎಂಜಿನ್ ತಿರುಗಿಬಿಡಬಹುದು, ಕ್ರ್ಯಾಂಕ್ ಬೋಲ್ಟ್ ಮೇಲೆ ಸ್ಪ್ಯಾನರ್ ಬಿಟ್ಟಿರಬೇಡಿ.

ಪ್ಲಗ್‌ಗಳನ್ನು ಹೇಗೂ ತೆಗೆದಿದ್ದೀರಿ, ಸಾಲಾಗಿ ಪೇಪರ್ ಮೇಲಿಟ್ಟು ನೋಡಿ. ನನ್ನವು ಮೂರು ಬಿಸ್ಕತ್ ಬಣ್ಣಕ್ಕಿದ್ದವು. ಮೂರನೇ ಸಿಲಿಂಡರಿನದು ಮಾತ್ರ ಈಗಷ್ಟೇ ಡಬ್ಬಿಯಿಂದ ತೆಗೆದ ಹಾಗೆ ಬೆಳ್ಳಗಿತ್ತು. ರಾತ್ರಿ ಇಳಿದ ಒಂದೆರಡು ಹನಿ ಬೆಳಗ್ಗೆ ಆವಿಯಾಗಿ ಅದನ್ನು ತೊಳೆದಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಹತ್ತು ಸೆಕೆಂಡ್ ಗಾಡಿ ಮಿಸ್ಸಿಂಗ್ ಹೊಡೆದು ಆಮೇಲೆ ಸರಿಹೋಗುತ್ತಿದ್ದದ್ದೂ ಇದಕ್ಕೇ. ಮೊಬೈಲಿಗೆ ಸಿಕ್ಕಿಸುವ ಉದ್ದ ವೈರಿನ ಕ್ಯಾಮೆರಾ ಇದ್ದರೆ ಪ್ಲಗ್ ತೂತಿನಿಂದ ಪಿಸ್ಟನ್ ತಲೆಯನ್ನೂ ನೋಡಬಹುದು. ಉಳಿದವು ಕಪ್ಪಗೆ, ಒಂದು ಮಾತ್ರ ತೊಳೆದ ಪಾತ್ರೆಯಂತೆ.

ದಾರಿ ತಪ್ಪಿಸುವ ಸಂಗತಿಗಳು

ಆಯಿಲ್ ಕ್ಯಾಪ್ ಕೆಳಗೆ ಕೆನೆಯಂಥ ಪದಾರ್ಥ ಕಂಡು ಹೆದರಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಎರಡೇ ಕಿಲೋಮೀಟರ್ ಓಡುವ ಗಾಡಿಯಲ್ಲಿ ತೇವ ಆರದೆ ಅಲ್ಲಿ ಕೆನೆ ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ ಶುದ್ಧವಾಗಿದ್ದು, ಒಂದು ಒಳ್ಳೆ ಲಾಂಗ್ ಡ್ರೈವ್ ಆದ ಮೇಲೆ ಕೆನೆ ಮಾಯವಾದರೆ ಏನೂ ಇಲ್ಲ. ಚಳಿಗಾಲದ ಬೆಳಗಿನ ಬಿಳಿ ಹೊಗೆಯೂ ಅಷ್ಟೇ. ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ಸಿಹಿ ವಾಸನೆ ಬಂದರೆ ಮಾತ್ರ ಯೋಚಿಸಿ.

ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಹೀಟ್ ಆಗಿ, ಓಡುವಾಗ ಇಳಿದರೆ ಮೊದಲು ಫ್ಯಾನ್, ಅದರ ರಿಲೇ, ಫ್ಯೂಸ್ ನೋಡಿ. ಗ್ಯಾಸ್ಕೆಟ್ ಇದಕ್ಕೆ ತಿರುಗಾ ಮುರುಗಾ. ಊರೊಳಗೆ ಸುಮ್ಮನಿದ್ದು ಏರಿನಲ್ಲಿ, ಲೋಡ್ ಬಿದ್ದಾಗ ಆಟ ತೋರಿಸುತ್ತದೆ. ಮುಳ್ಳು ಹಾರಿ ಇಳಿಯುವುದೂ ಇದರ ಲಕ್ಷಣವೇ. ಗ್ಯಾಸಿನ ಗುಳ್ಳೆ ಸೆನ್ಸರ್ ಹತ್ತಿರ ಬಂದು ಹೋಗುತ್ತಿರುತ್ತದೆ. ಅದೇ ಹೊತ್ತಿಗೆ ಹೀಟರ್ ಹಾಕಿ ನೋಡಿ, ಬಿಸಿ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾದರೆ ಹೀಟರ್ ಪೈಪಿನಲ್ಲೂ ಗ್ಯಾಸ್ ಕೂತಿದೆ. ಬರೀ ಏರ್‌ಲಾಕ್ (ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದು) ಆದರೂ ಹೀಗಾಗುತ್ತದೆ. ಆದರೆ ಸರಿಯಾಗಿ ಗಾಳಿ ತೆಗೆದ ಮೇಲೆ ಏರ್‌ಲಾಕ್ ಮತ್ತೆ ಹುಟ್ಟಬಾರದು. ವಾರಕ್ಕೊಮ್ಮೆ ಮತ್ತೆ ಹುಟ್ಟಿದರೆ ಯಾರೋ ಗಾಳಿ ತುಂಬುತ್ತಿದ್ದಾರೆ ಅಂತಾಯಿತು, ಅಲ್ವಾ?

ಒಳಗೆ ಕಾರ್ಪೆಟ್ ಒದ್ದೆಯಾಗಿ ಗಾಜಿನ ಮೇಲೆ ಜಿಡ್ಡು ಮಂಜು ಕೂರುತ್ತಿದ್ದರೆ ಕೂಲೆಂಟ್ ಹೀಟರ್ ಕಡೆ ಸೋರುತ್ತಿದೆ. ಡೀಸೆಲ್ ಗಾಡಿಯಲ್ಲಿ ಇಜಿಆರ್ ಕೂಲರ್ (ಎಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ಕೂಲೆಂಟ್‌ನಿಂದ ತಣ್ಣಗಾಗಿಸುವ ಭಾಗ) ಒಳಗೆ ಸೋರಿದರೂ ಗ್ಯಾಸ್ಕೆಟ್ ಹೋದಂತೆಯೇ ಕಾಣುತ್ತದೆ. ಹೆಡ್ ಬಿಚ್ಚುವ ಮೊದಲು ಅದನ್ನು ಬೇರೆಯಾಗಿ ಪರೀಕ್ಷಿಸಲೇಬೇಕು.

ನಮ್ಮ ಕಡೆಯ ಎರಡು ಅಭ್ಯಾಸಗಳ ಬಗ್ಗೆ ಹೇಳದಿದ್ದರೆ ಸಮಾಧಾನವಿಲ್ಲ. ಹೀಟ್ ಆಗುತ್ತದೆ ಅಂದ ಕೂಡಲೇ ಥರ್ಮೋಸ್ಟಾಟ್ ಕಿತ್ತು ಬಿಸಾಕುವುದು ಒಂದು. ಆಗ ಎಂಜಿನ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಮುಳ್ಳು ಕೆಳಗೇ ಇರುತ್ತದೆ, ದೋಷ ಒಳಗೆ ಬೆಳೆಯುತ್ತಿರುತ್ತದೆ. ಇನ್ನೊಂದು, ರೇಡಿಯೇಟರ್‌ಗೆ ಅರಿಶಿನ ಪುಡಿ ಅಥವಾ ಅಂಗಡಿಯ ಸೀಲರ್ ಸುರಿಯುವುದು. ರೇಡಿಯೇಟರ್‌ನಲ್ಲಿ ಸೂಜಿ ತೂತಾಗಿದ್ದರೆ ಅದು ಹೇಗೋ ಮನೆ ಮುಟ್ಟಿಸಬಹುದು. 50 ಬಾರ್ ಒತ್ತಡ ನುಗ್ಗುವ ಜಾಗದಲ್ಲಿ ಅರಿಶಿನ ಏನು ಮಾಡೀತು? ಮುಚ್ಚುವುದು ಹೀಟರ್‌ನ ಸಣ್ಣ ನಳಿಕೆಗಳನ್ನು. ಬರೀ ಬೋರ್‌ವೆಲ್ ನೀರು ಸುರಿಯುತ್ತಾ ಹೋದರೂ ಒಳಗೆ ಬಿಳಿ ಗಾರೆ ಕಟ್ಟಿ ನಿಜವಾದ ಓವರ್‌ಹೀಟ್ ಶುರುವಾಗುತ್ತದೆ.

ಗುಳ್ಳೆ ಕಂಡ ಮೇಲೆ ಘಾಟಿ ಹತ್ತಿಸಬೇಡಿ. ಊರೊಳಗೆ ಗ್ಯಾರೇಜಿನವರೆಗೆ ಮೆಲ್ಲಗೆ ಹೋದರೆ ಸಾಕು. ಗ್ಯಾಸ್ಕೆಟ್ ಒಂದೇ ಹೋಗಿರುವಾಗ ಬಿಚ್ಚಿದರೆ ಆ ಕೆಲಸವೊಂದೇ. ಹೀಟ್ ಮಾಡಿ ಹೆಡ್ ಬಿರುಕು ಬಿಟ್ಟ ಮೇಲೆ ಬಿಚ್ಚಿದರೆ ಹೆಡ್ಡೇ ಹುಡುಕಬೇಕು. ತೆಗೆದ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದು ವಿಷ, ನಾಯಿ ಬೆಕ್ಕು ನೆಕ್ಕಿದರೆ ಸಾಯಬಹುದು.

ಬಿಚ್ಚಿದಾಗ

ನಮ್ಮ ಊರಿನ ಹಳೇ ಮೆಕ್ಯಾನಿಕ್‌ಗೆ ಟಾರ್ಚ್ ಬೆಳಕಿನ ಗುಳ್ಳೆಗಳ ವಿಡಿಯೋ ತೋರಿಸಿದೆ. ಎರಡು ಸಲ ನೋಡಿ, "ಇದನ್ನ ಮೊದಲೇ ತೋರಿಸಿದ್ರೆ ಪಂಪ್ ಉಳೀತಿತ್ತಲ್ಲ ಸಾರ್" ಅಂದರು. ಹೆಡ್ ಎತ್ತಿದಾಗ ಗ್ಯಾಸ್ಕೆಟ್ ಎರಡು ತುಂಡಾಗಿರಲಿಲ್ಲ. ಮೂರನೇ ಸಿಲಿಂಡರಿನ ಸ್ಟೀಲ್ ಬಳೆಯಿಂದ ಪಕ್ಕದ ಕೂಲೆಂಟ್ ತೂತಿನವರೆಗೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ, ಅಷ್ಟೇ. ಉಗುರಿಗೂ ಸಿಗಲಿಲ್ಲ.

ಹೆಡ್ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿದರೆ 0.08 ಮಿ.ಮೀ ಎಲೆ ಹೋಯಿತು. ಸಾಮಾನ್ಯವಾಗಿ 0.05 ಮಿ.ಮೀ ಮೇಲೆ ಹೋದರೆ ಲೇತ್ ಅಂಗಡಿಗೆ ಕಳಿಸಿ ಫೇಸಿಂಗ್ (ಮೇಲ್ಮೈ ಸಮ ಮಾಡುವುದು) ಮಾಡಿಸುತ್ತಾರೆ, ನಿಮ್ಮ ಎಂಜಿನ್‌ನ ಮಿತಿ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಬ್ಲಾಕ್ ಮೇಲ್ಮೈಯನ್ನೂ ಹಾಗೇ ನೋಡಬೇಕು, ಅದನ್ನು ಬಹಳ ಜನ ಮರೆಯುತ್ತಾರೆ. ಲೇತ್‌ನವರ ಹತ್ತಿರ ಹೆಡ್‌ಗೆ ಒತ್ತಡ ಕೊಟ್ಟು ಬಿರುಕು ನೋಡಲೂ ಹೇಳಿ. ಕೋನ ಅಳೆದು ಬಿಗಿಯುವ ಥರದ ಹೆಡ್ ಬೋಲ್ಟ್‌ಗಳಾದರೆ ಹೊಸದನ್ನೇ ಹಾಕಿಸಿ. ಒಮ್ಮೆ ಹಿಗ್ಗಿದವು ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ. ಬೋಲ್ಟ್ ತೂತುಗಳಲ್ಲಿ ಆಯಿಲ್, ಕೂಲೆಂಟ್ ನಿಂತಿರಬಾರದು. ಬಿಗಿಯುವಾಗ ಬಿಗಿತ ಅಳೆಯುವ ಟಾರ್ಕ್ ರೆಂಚ್ ಕೈಯಲ್ಲಿ ಇದೆಯಾ ಅಂತ ನಿಂತು ನೋಡಿ. ಕೈ ಅಳತೆ ನನಗೆ ಗೊತ್ತು ಅನ್ನುವವರ ಹತ್ತಿರ ಈ ಒಂದು ಕೆಲಸ ಬೇಡ.

ಗಾಡಿ ಮನೆಗೆ ಬಂದ ಮೇಲೆ ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿದು ಅದೇ ದಾರಿಯಲ್ಲಿ ಹತ್ತಿಸಿಕೊಂಡು ಬಂದೆ. ಮುಳ್ಳು ಅಲುಗಲಿಲ್ಲ. ಅದನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮರುದಿನ ಬೆಳಗ್ಗೆ ಆರಕ್ಕೆ ಬಾನೆಟ್ ಎತ್ತಿದಾಗ ಹೋಸ್ ಮೆತ್ತಗಿತ್ತು, ಟ್ಯಾಂಕಿನ ಮಟ್ಟ ರಾತ್ರಿಗಿಂತ ಎರಡು ಬೆರಳು ಇಳಿದಿತ್ತು. ಕ್ಯಾಪ್ ತಿರುಗಿಸಿದೆ. ಸಣ್ಣಗೆ ಒಳಗೆ ಉಸಿರೆಳೆಯಿತು.